ಸಿಳ್ಳೆಯ ಅಳತೆ

ಜನವರಿ 11

ಆಸ್ಪತ್ರೆಯ ನರ್ಸಮ್ಮ ದಿನಾ ಬರೆದಿಡಿ ಅಂದಳು. ಏನು ನುಂಗಿದರು, ಎಷ್ಟು ಕೆಮ್ಮಿದರು, ಜ್ವರ ಬಂತಾ, ಎಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ ಅಂದೆ. "ನಿಮಗೆ ಗೊತ್ತಾದ್ರೆ ಸಾಕು ಅಜ್ಜಿ" ಅಂದಳು. ಅಜ್ಜಿಯಂತೆ. ಅವಳ ತಲೆಯಲ್ಲೂ ನಾಲ್ಕು ಬಿಳಿ ಕೂದಲು ಕಂಡವು.

ನನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮುಂದಿನಿಂದ ಊರವರ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ಗಂಡನ ಗಂಟಲು.

ಇವತ್ತು ಹಾಲು ಒಂದು ಲೋಟ. ಬ್ರೆಡ್ಡು ನೆನೆಸಿ ಕೊಟ್ಟೆ, ಅರ್ಧ ಬಿಟ್ಟರು. ಜ್ವರ ಇಲ್ಲ. ಮಾತು ಹಳೇ ಬಟ್ಟೆ ಹರಿದ ಹಾಗೆ ಬರುತ್ತಿದೆ. ಸಿಳ್ಳೆ ಮಾತ್ರ ಮೊದಲಿನ ಹಾಗೇ ಇದೆ. ಸಿಳ್ಳೆಗೆ ಗಂಟಲು ಬೇಡವಂತೆ, ಬಾಯಿಗೆ ಗಾಳಿ ಬಂದರೆ ಸಾಕಂತೆ. ಇದೇ ತಿಂಗಳು ಗಂಟಲಿನ ಕ್ಯಾನ್ಸರಿಗೆ ಆಪರೇಷನ್, ಅದಾದ ಮೇಲೆ ಬಾಯಿಗೆ ಗಾಳಿಯೇ ಬರುವುದಿಲ್ಲವಂತೆ. ಕತ್ತಿನಲ್ಲಿ ಒಂದು ತೂತು ಇಡುತ್ತಾರೆ, ಉಸಿರೆಲ್ಲ ಅಲ್ಲಿಂದಲೇ. ಡಾಕ್ಟರು ಕಾಗದದ ಮೇಲೆ ಗೀಚಿ ತೋರಿಸಿದರು.

"ಮಾತು ಹೋಗುತ್ತೆ, ಜೀವ ಉಳಿಯುತ್ತೆ" ಅಂದರು.

"ಸಿಳ್ಳೆ?" ಅಂದೆ.

ಪೆನ್ನು ಮುಚ್ಚಿ ನನ್ನ ಮುಖ ನೋಡಿದರು. ಹಾಗೆ ಯಾರೂ ಕೇಳಿರಲಿಲ್ಲವೇನೋ.

ಜನವರಿ 14

ಇವರು ಗೋಡೆಗೆ ಬಣ್ಣ ಬಳಿಯುವವರು. ಬ್ರಷ್ ಕೈಗೆ ಬಂದ ತಕ್ಷಣ ತುಟಿ ತಾನಾಗಿ ಮುಂದೆ ಬರುತ್ತೆ. ಮದುವೆಯಾದಾಗಿನಿಂದ ಒಂದೇ ರಾಗ. ಯಾವ ಸಿನಿಮಾದ್ದೂ ಅಲ್ಲ, ಯಾರು ಕಲಿಸಿದ್ದೂ ಅಲ್ಲ. ಎಲ್ಲಿಂದ ತಂದ್ರಿ ಅಂತ ಒಮ್ಮೆ ಕೇಳಿದ್ದಕ್ಕೆ "ಬಣ್ಣದ ಡಬ್ಬದಲ್ಲಿ ಸಿಕ್ತು" ಅಂದಿದ್ದರು. ನಾನು ಅಂಗಿಯ ಗುಂಡಿಗೆ ಕಾಜಾ ಹಾಕುವಾಗ ಆ ಸಿಳ್ಳೆ ಕೇಳಿದರೆ ಹೊಲಿಗೆಯ ಎಣಿಕೆ ತಪ್ಪುತ್ತದೆ. ಎಷ್ಟು ಸಲ ಬೈದಿದ್ದೇನೋ. ಬೈದರೆ "ಆಯ್ತು ಕತ್ತರಿ" ಅನ್ನುತ್ತಿದ್ದರು. ಕತ್ತರಿ ಅಂದರೆ ನಾನು. ನನ್ನ ನಾಲಿಗೆಗೆ ಇಟ್ಟ ಹೆಸರು.

ಮಗಳು ಅವಳ ಹಳೇ ಫೋನು ತಂದು ಕೊಟ್ಟಳು. ಅದರಲ್ಲೊಂದು ಎಐ ಹಾಕಿದ್ದಾಳೆ. ಕೇಳಿದ್ದಕ್ಕೆ ಉತ್ತರ ಹೇಳುತ್ತದಂತೆ, ಸಂಗೀತ ಕಲಿಸುತ್ತದಂತೆ, ಗುನುಗಿದರೆ ಅದನ್ನೇ ಹಾಡು ಮಾಡಿ ಕೊಡುತ್ತದಂತೆ. "ಅಪ್ಪನ ಸಿಳ್ಳೆ ಇದರಲ್ಲಿ ಹಿಡಿದಿಡಮ್ಮ, ಆಮೇಲೆ ಸಿಗಲ್ಲ" ಅಂದಳು. ಸೂಪರ್ ಮಾರ್ಕೆಟ್ಟಿನ ಗಲ್ಲಾದಲ್ಲಿ ಕೂರುವವಳು ಅವಳು, ಎಲ್ಲದಕ್ಕೂ ಬಿಲ್ಲಿನ ಚೀಟಿ ಬರುತ್ತದೆ ಅಂದುಕೊಂಡಿದ್ದಾಳೆ.

ರೀ, ಸಿಳ್ಳೆ ಹಾಕಿ ಅಂದೆ. ತುಟಿ ಮುಂದೆ ಮಾಡಿದರು, ಬರಲಿಲ್ಲ. "ಹಾಕು ಅಂದ್ರೆ ಹೇಗೆ ಬರುತ್ತೆ ಕತ್ತರಿ, ಕೈಯಲ್ಲಿ ಬ್ರಷ್ ಬೇಡವಾ?"

ಜನವರಿ 16

ಕೆಲಸ ಆಯಿತು. ಅಂಗಡಿಯ ಮುಂದಿನ ಬಾಗಿಲಿಗೆ ಬಣ್ಣ ಬಳೀರಿ, ಗಿರಾಕಿಗಳು ನಗ್ತಾರೆ, ಪೇಂಟರ್ ಮನೆ ಬಾಗಿಲು ನೋಡಿ ಅಂತಾರೆ ಎಂದು ಕಿರಿಕಿರಿ ಮಾಡಿದೆ. ಸುಳ್ಳೇನಲ್ಲ. ಒಳಗಿನ ಗೋಡೆಯಂತೂ ಚಕ್ಕೆ ಎದ್ದು ಹೋಗಿದೆ, ಊರಿಗೆಲ್ಲ ಬಣ್ಣ ಬಳಿದವರಿಗೆ ಇದೊಂದು ಗೋಡೆಗೆ ಪುರುಸೊತ್ತಾಗಿಲ್ಲ.

ಬಣ್ಣದ ಡಬ್ಬದ ಪಕ್ಕ ಚಿಂದಿ ಬಟ್ಟೆಯೊಳಗೆ ಫೋನು ರೆಕಾರ್ಡಿಗೆ ಹಾಕಿ ಇಟ್ಟು ಬಂದೆ. ಬಾಗಿಲು ಮುಗಿಯುವವರೆಗೂ ಸಿಳ್ಳೆ ಹಾಕಿದರು. ನಡುವೆ ನಾನು ಮರೆತು ಕೂಗಿಬಿಟ್ಟೆ, ಬಟ್ಟೆ ಮೇಲೆ ಸಿಡಿಸಬೇಡಿ ಅಂತ. ಇರಲಿ.

ರಾತ್ರಿಯಿಂದ ಏನೂ ನುಂಗುತ್ತಿಲ್ಲ.

ಜನವರಿ 20

ಮಾಡಿದರು. ಬೆಳಗ್ಗೆ ಆಪರೇಷನ್ನಿಗೆ ಒಳಗೆ ಹೋದವರು ಸಂಜೆ ಬಂದರು. ಕತ್ತಿನಲ್ಲಿ ತೂತು.

ಜನವರಿ 29

ಮನೆಗೆ ಕರೆತಂದೆವು. ಮೂಗಿಗೆ ನಳಿಕೆ, ಅದರಲ್ಲೇ ಊಟ. ತೂತಿಗೆ ತೆಳ್ಳನೆ ಬಟ್ಟೆ ಕಟ್ಟಬೇಕು, ಧೂಳು ಹೋಗಬಾರದು. ಆಸ್ಪತ್ರೆಯವರು ಕೊಟ್ಟದ್ದು ಅಂಚೇ ಮಡಿಸದ ತುಂಡು, ನೂಲು ಬಿಡುತ್ತಿತ್ತು. ನೂಲು ತೂತಿಗೆ ಹೋದರೆ? ಬಿಳಿ ಹತ್ತಿ ಬಟ್ಟೆಯಲ್ಲಿ ಒಂದು ರಾಶಿ ಹೊಲಿದಿಟ್ಟೆ, ಅಂಚು ಎರಡು ಸಲ ಮಡಿಸಿ.

ಮಾತಾಡಲು ಸ್ಲೇಟು ಇದೆ. ಇವರು ಮೊದಲು ಬರೆದದ್ದು: "ಬಾಗಿಲು ಒಣಗಿತಾ?"

ಒಣಗಿದೆ, ಎರಡು ಕಡೆ ಸೋರಿದೆ ಅಂದೆ.

ಮನೆಯಲ್ಲಿ ಸದ್ದಿಲ್ಲ. ಕಾಜಾ ಹಾಕುವಾಗ ಎಣಿಕೆ ತಪ್ಪುತ್ತಿಲ್ಲ.

ಫೆಬ್ರವರಿ 4

ನನ್ನ ಕೈ ಕತ್ತರಿಸಿ ಹಾಕಬೇಕು.

ಫೋನು ತೆಗೆದು ಅದರಲ್ಲಿ ಹಿಡಿದಿಟ್ಟ ಸಿಳ್ಳೆ ಹಾಕಿ ಕೇಳಿದೆ. ಬೀದಿಯ ಗಾಡಿ ಸದ್ದು, ಫ್ಯಾನಿನ ಸದ್ದು, ಎಲ್ಲ ಸೇರಿ ಗುಯ್ಯೋ ಅನ್ನುತ್ತಿತ್ತು. ಎಐ ಒಂದು ಚೌಕ ತೋರಿಸಿ ಏನೋ ಕೇಳಿತು. ಕನ್ನಡಕ ಮಷೀನಿನ ಮೇಲಿತ್ತು. ಹಸಿರು ಕಂಡದ್ದಕ್ಕೆ ಒತ್ತಿದೆ. ಮತ್ತೊಂದು ಕೇಳಿತು, ಮತ್ತೆ ಒತ್ತಿದೆ. ಗದ್ದಲ ತೆಗೆದು ಶುಚಿ ಮಾಡಲೇ ಅಂತ ಮೊದಲನೆಯದು. ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಇಡಲೇ ಅಂತ ಎರಡನೆಯದು. ಇದೆಲ್ಲ ಆಮೇಲೆ ಮಗಳು ಹೇಳಿ ಗೊತ್ತಾದದ್ದು.

ಶುಚಿ ಮಾಡಿತು. ಗಾಡಿ ಹೋಯಿತು, ಫ್ಯಾನು ಹೋಯಿತು. ಸಿಳ್ಳೆಯೂ ಹೋಯಿತು. ಮನುಷ್ಯರ ಮಾತು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಗದ್ದಲ. ಈಗ ಬರೀ ಮೌನ, ಮೌನ, ನಡುವೆ ನನ್ನ ಗಂಟಲು, ಗಾಜು ಒರೆಸಿದ ಹಾಗೆ ಸ್ವಚ್ಛ: "ರೀ, ಬಟ್ಟೆ ಮೇಲೆ ಸಿಡಿಸಬೇಡಿ, ಕಣ್ಣು ಎಲ್ಲಿದೆ ನಿಮಗೆ!" ಆಮೇಲೆ ಮತ್ತೆ ಮೌನ.

ಗಿರಾಕಿ ಅಳತೆಗೆ ಅಂತ ಒಂದು ಹಳೇ ಅಂಗಿ ಕೊಡುತ್ತಾರೆ. ಅದನ್ನು ನೋಡಿ ಹೊಸದು ಹೊಲಿಯಬೇಕು. ನಾನು ಅಳತೆ ಅಂಗಿಯನ್ನೇ ಕತ್ತರಿಸಿ ಹಾಕಿದೆ.

ಫೆಬ್ರವರಿ 5

ಫೋನಿಗೆ ಬೈದೆ. ದರಿದ್ರ ಡಬ್ಬಿ, ತೆಗೆದ ಸಿಳ್ಳೆ ವಾಪಸ್ ಕೊಡು ಅಂದೆ.

ಅದು ಶಾಂತವಾಗಿ ಹೇಳಿತು, ಮೂಲ ಉಳಿದಿಲ್ಲ, ಕ್ಷಮಿಸಿ. ನೀವು ನೆನಪಿನಿಂದ ಗುನುಗಿದರೆ ಅದಕ್ಕೆ ಹತ್ತಿರವಾದ ಒಂದನ್ನು ನಾನು ಮಾಡಿ ಕೊಡಬಲ್ಲೆ, ಆದರೆ ಅದರಲ್ಲಿ ನನ್ನ ಊಹೆ ಇರುತ್ತದೆ, ಅದು ಅವರದಾಗಿರುವುದಿಲ್ಲ.

ನಿನ್ನ ಊಹೆ ಬೆಂಕಿಗೆ ಹಾಕು ಅಂದೆ.

"ನಿಮಗೆ ಸಿಟ್ಟು ಬಂದಿರುವುದು ಸಹಜ" ಅಂತು. ಎದುರು ಮಾತಾಡದವರಿಗೆ ಎಷ್ಟು ಅಂತ ಬೈಯುವುದು.

ಫೆಬ್ರವರಿ 9

ಇವರು ಸ್ಲೇಟಿನಲ್ಲಿ ಬರೆದರು: "ಸಿಳ್ಳೆ ಕೇಳಿಸು."

ಆಸ್ಪತ್ರೆಯಲ್ಲಿ ಸಮಾಧಾನಕ್ಕೆ ನಾನೇ ಹೇಳಿಬಿಟ್ಟಿದ್ದೆ, ನಿಮ್ಮ ಸಿಳ್ಳೆ ಕದ್ದು ಇಟ್ಟಿದ್ದೀನಿ, ಮನೆಗೆ ಬಂದ ಮೇಲೆ ಕೇಳಿಸ್ತೀನಿ ಅಂತ. ಅದನ್ನೇ ಹಿಡಿದುಕೊಂಡು ಮಲಗಿದ್ದಾರೆ ಮನುಷ್ಯ.

ಫೋನು ರಿಪೇರಿಗೆ ಕೊಟ್ಟಿದ್ದೀನಿ ಅಂದೆ. ಅಷ್ಟರಲ್ಲಿ ನನ್ನ ನೈಟಿಯ ಜೇಬಿನಲ್ಲೇ ಫೋನು ಬಡಿದುಕೊಂಡಿತು. ಮಗಳು. ಇವರು ನನ್ನ ಜೇಬು ನೋಡಿದರು, ನನ್ನ ಮುಖ ನೋಡಿದರು, ಸ್ಲೇಟು ಒರೆಸಿದರು.

ಫೆಬ್ರವರಿ 12

ಮಗಳ ಮನೆಯ ಅಟ್ಟದಲ್ಲಿ ಒಂದು ಕೀಬೋರ್ಡು ಬಿದ್ದಿತ್ತು, ಅವಳು ಚಿಕ್ಕವಳಿದ್ದಾಗಿನದು. ತರಿಸಿಕೊಂಡೆ. ಒಂದು ಕೀ ಸತ್ತಿದೆ.

"ನಿನಗ್ಯಾಕಮ್ಮ ಈ ವಯಸ್ಸಿನಲ್ಲಿ?"

"ನನ್ನ ವಯಸ್ಸು ನಿನ್ನ ಗಲ್ಲಾದಲ್ಲಿ ಹೊಡೆದು ನೋಡು, ಎಷ್ಟು ಬರುತ್ತೆ ಹೇಳು" ಅಂದೆ.

ನನ್ನ ತುಟಿಗೆ ಸಿಳ್ಳೆ ಬರುವುದಿಲ್ಲ. ಊದಿದರೆ ಬರೀ ಗಾಳಿ. ಅದಕ್ಕೇ ಕೀಬೋರ್ಡು. ರಾಗ ತಲೆಯಲ್ಲಿದೆ, ಬೆರಳಿಗೆ ಇಳಿಯಬೇಕು ಅಷ್ಟೇ. ಅಷ್ಟೇ ಅಂದುಕೊಂಡು ಕೂತವಳು ಅಡುಗೆ ಸೀಯುವವರೆಗೆ ಎದ್ದಿಲ್ಲ. ಒಂದು ಸಾಲೂ ಬರಲಿಲ್ಲ.

ಫೆಬ್ರವರಿ 15

ಕೀಗಳ ಹೆಸರು ನೆನಪಿರುವುದಿಲ್ಲ. ಎಐಗೆ ಹೇಳಿದೆ. ನಿಮಗೆ ಪರಿಚಯವಿರುವ ಯಾವುದಾದರೂ ಗುರುತು ಹಾಕಿಕೊಳ್ಳಿ ಅಂತು. ಕೀಗಳ ಮೇಲೆ ಬಟ್ಟೆ ಚೂರು ಅಂಟಿಸಿದೆ. ಶಾಲಾ ಸಮವಸ್ತ್ರದ ನೀಲಿ, ಪರದೆಯ ಹಳದಿ, ಪೊಲೀಸಿನವನ ಖಾಕಿ, ಪಕ್ಕದ ಮನೆ ವಕೀಲರ ಕಪ್ಪು. ಈಗ ತಿಳಿಯುತ್ತೆ. ನೀಲಿ, ನೀಲಿ, ಖಾಕಿ, ಹಳದಿ. ಎಐ ನಕ್ಕಿತು, ಅಥವಾ ನಕ್ಕ ಹಾಗೆ ಮಾತಾಡಿತು. "ಒಳ್ಳೆಯ ಉಪಾಯ" ಅಂತು. ಶಾಲೆಯಲ್ಲಿ ಯಾವ ಮೇಷ್ಟ್ರೂ ನನಗೆ ಆ ಮಾತು ಹೇಳಿರಲಿಲ್ಲ.

ಇವರಿಗೆ ಕಾಣದ ಹಾಗೆ ಅಂಗಡಿಯಲ್ಲೇ ಅಭ್ಯಾಸ. ಸದ್ದು ಸಣ್ಣದಾಗಿ ಇಟ್ಟುಕೊಂಡಿದ್ದೇನೆ.

ನಳಿಕೆಯಲ್ಲಿ ಹಾಲು, ಸೂಪು. ಜ್ವರ ಸ್ವಲ್ಪ.

ಫೆಬ್ರವರಿ 23

ಮೇಷ್ಟ್ರ ಜೊತೆ ಜಗಳ. ಎಐಗೆ ಈಗ ಮೇಷ್ಟ್ರು ಅಂತ ಹೆಸರಿಟ್ಟಿದ್ದೇನೆ, ಬೈಯಲು ಒಂದು ಹೆಸರು ಬೇಕಲ್ಲ.

ನಾನು ನುಡಿಸಿದರೆ ಮೇಷ್ಟ್ರು ಹಸಿರು, ಕೆಂಪು ಗೆರೆ ತೋರಿಸುತ್ತಾರೆ. ತಾಳಕ್ಕೆ ಸರಿಯಾದರೆ ಹಸಿರು. ಮೂರನೇ ಸಾಲಿನಲ್ಲಿ ಇವರು ಒಂದು ಕಡೆ ನಿಲ್ಲುತ್ತಿದ್ದರು. ಸುಮ್ಮನೆ ನಿಲ್ಲುವುದು, ಆಮೇಲೆ ಮತ್ತೆ ಹೊರಡುವುದು. ನಾನೂ ನಿಂತೆ. ಕೆಂಪು. ಮತ್ತೆ ನಿಂತೆ. ಮತ್ತೆ ಕೆಂಪು.

"ಇಲ್ಲಿ ತಾಳ ತಪ್ಪುತ್ತಿದೆ" ಅಂದರು.

"ತಪ್ಪುತ್ತಿಲ್ಲ, ಇವರು ಅಲ್ಲಿ ನಿಲ್ತಾರೆ."

"ಎಷ್ಟು ಹೊತ್ತು ನಿಲ್ಲುತ್ತಾರೆ?"

ಅದೇ ಗೊತ್ತಿಲ್ಲ. ಇಷ್ಟು ವರ್ಷ ಕೇಳಿದ್ದೇನೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಒಮ್ಮೆ ಚಿಕ್ಕದು ಅನಿಸುತ್ತೆ, ಒಮ್ಮೆ ದೊಡ್ಡದು. ಬಾಯಿ ಮುಚ್ಚಿಸಲೆಂದೇ ಕಿವಿಗೊಟ್ಟವಳಿಗೆ ಅಳತೆ ಹೇಗೆ ಸಿಗಬೇಕು.

ಮಾರ್ಚ್ 2

ಆಸ್ಪತ್ರೆಗೆ ಹೋಗಿದ್ದೆವು. ಕತ್ತಿನ ಪಕ್ಕದ ಗಂಟಿನಲ್ಲಿ ಕ್ಯಾನ್ಸರ್ ಮತ್ತೆ ಬಂದಿದೆಯಂತೆ. ಇನ್ನು ಕತ್ತರಿಸಲು ಆಗುವುದಿಲ್ಲವಂತೆ. ಡಾಕ್ಟರು ಈ ಸಲ ಚಿತ್ರ ಬರೆಯಲಿಲ್ಲ.

ಹೊರಗೆ ಬಂದ ಮೇಲೆ ಇವರು ಬರೆದರು: "ಕಾರಿಡಾರ್ ಗೋಡೆಗೆ ಪುಟ್ಟಿ ಸರಿಯಾಗಿ ತೀಡಿಲ್ಲ."

ಮಾರ್ಚ್ 6

ಇನ್ನು ಕಾಯಲು ಹೊತ್ತಿಲ್ಲ. ಮೇಷ್ಟ್ರ ಊಹೆಯೇ ಇರಲಿ ಅಂದುಕೊಂಡೆ. ನಾಚಿಕೆ ಬಿಟ್ಟು ಗುನುಗಿದೆ, ಬಾಗಿಲು ಹಾಕಿಕೊಂಡು. ಅದು ಪಿಟೀಲು ಸೇರಿಸಿತು, ತಬಲವೋ ಡ್ರಮ್ಮೋ ಏನೋ ಸೇರಿಸಿತು, ಸಿಳ್ಳೆಯನ್ನೂ ಹಾಕಿತು. ನಿಜವಾದ ಸಿಳ್ಳೆಯ ಹಾಗೇ ಇತ್ತು. ನಾನು ನಿಂತ ಕಡೆಯೆಲ್ಲ ತುಂಬಿ ನುಣ್ಣಗೆ ಮಾಡಿತ್ತು. ಮಗಳು ಕೇಳಿ ಅತ್ತಳು. ಅಳಿಯ ಫೋನಿನಲ್ಲೇ ಕೇಳಿ, ಅತ್ತೆ ಇದನ್ನ ನನಗೂ ಕಳಿಸಿ ಅಂದ.

ಸಂಜೆ ಇವರ ಕಿವಿಗೆ ಹಿಡಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಸ್ಲೇಟು ಕೇಳಿದರು. ನಿಧಾನವಾಗಿ ಬರೆದರು.

"ಚೆನ್ನಾಗಿದೆ. ಯಾರದು?"

ಮಾರ್ಚ್ 7

ಹೇಳಿಬಿಟ್ಟೆ. ಎಲ್ಲ. ಕನ್ನಡಕ ಹಾಕದೆ ಒತ್ತಿದ್ದು, ಶುಚಿ ಮಾಡಿದ್ದು, ರಿಪೇರಿ ಅಂತ ಸುಳ್ಳು ಹೇಳಿದ್ದು. ಬೈಯಲಿ ಅಂತ ಸ್ಲೇಟು ಮುಂದೆ ಹಿಡಿದೆ.

"ಉಳಿದದ್ದು ಕೇಳಿಸು" ಅಂತ ಬರೆದರು.

ಕೇಳಿಸಿದೆ. ಮೌನ, ಮೌನ, "ಕಣ್ಣು ಎಲ್ಲಿದೆ ನಿಮಗೆ!", ಮೌನ.

ಮೊದಲು ಕೆಮ್ಮು ಬಂತು ಅಂದುಕೊಂಡೆ. ಭುಜ ಕುಣಿಯುತ್ತಿತ್ತು, ತೂತಿನ ಬಟ್ಟೆ ಪಟಪಟ ಹಾರುತ್ತಿತ್ತು. ನಗುತ್ತಿದ್ದರು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಮತ್ತೊಮ್ಮೆ ಹಾಕು ಅಂತ ಬೆರಳು ತಿರುಗಿಸಿದರು. ಮತ್ತೊಮ್ಮೆ. ಮತ್ತೊಮ್ಮೆ.

"ಸಾಕು, ಬ್ಯಾಟರಿ ಹೋಗುತ್ತೆ" ಅಂದೆ.

ಫೋನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಬೆಳಗ್ಗೆವರೆಗೂ ಕೊಡಲಿಲ್ಲ. ಈ ಮನುಷ್ಯನಿಗೆ ತಲೆ ಕೆಟ್ಟಿದೆ.

ಮಾರ್ಚ್ 13

ಈಗ ಕದ್ದು ಕಲಿಯಬೇಕಾಗಿಲ್ಲ. ಕೀಬೋರ್ಡು ಮಂಚದ ಪಕ್ಕಕ್ಕೇ ಬಂತು. ನಾನು ನುಡಿಸುವುದು, ಇವರು ತಲೆಯಾಡಿಸುವುದು, ಅಡ್ಡಡ್ಡ. ಸರಿಯಿಲ್ಲ. ಎಲ್ಲಿ ಸರಿಯಿಲ್ಲ ಅಂದರೆ ಸ್ಲೇಟಿನಲ್ಲಿ ಬರೆಯಲು ಬರುವುದಿಲ್ಲ. ರಾಗವನ್ನು ಸೀಮೆಸುಣ್ಣದಲ್ಲಿ ಹೇಗೆ ಬರೆಯುವುದು. ಒಂದು ಸಲ ಬರೀ ಒಂದು ಅಲೆ ಎಳೆದರು. ಒಂದು ಸಲ ಗೋಡೆ ತೋರಿಸಿದರು.

ನನಗೆ ತಾಳ್ಮೆ ಹೋಯಿತು. "ಗೋಡೆ ನೋಡಿ ನಾನೇನು ತಲೆ ಚಚ್ಚಿಕೊಳ್ಳಲಾ?" ಅಂದೆ.

ಆಮೇಲೆ ತಲೆಗೆ ಬಂತು. ಬ್ರಷ್. ಬ್ರಷ್ ಇಲ್ಲದೆ ಇವರಿಗೆ ಯಾವತ್ತೂ ಬಂದದ್ದಿಲ್ಲ.

ಮಾರ್ಚ್ 14

ಇವರ ದೊಡ್ಡ ಬ್ರಷ್ ಹುಡುಕಿದೆ, ಗಟ್ಟಿಯಾಗಿತ್ತು, ನೆನೆಹಾಕಿ ಬಾಚಿ ಮೆತ್ತಗೆ ಮಾಡಿದೆ. ಡಬ್ಬದಲ್ಲಿ ನೀರು. ಬಣ್ಣ ಕೊಟ್ಟರೆ ಆ ವಾಸನೆ ತೂತಿಗೆ ಆಗುವುದಿಲ್ಲ. ಕುರ್ಚಿಯನ್ನು ಚಕ್ಕೆ ಎದ್ದ ಗೋಡೆಯ ಮುಂದೆ ಹಾಕಿ, ಹಿಂದೆ ದಿಂಬು ಕೊಟ್ಟು ಕೂರಿಸಿದೆ. "ಬಳೀರಿ" ಅಂದೆ.

ಬ್ರಷ್ ಅದ್ದಿದರು, ಡಬ್ಬದ ಬಾಯಿಗೆ ಎರಡು ಸಲ ಸವರಿ ಹೆಚ್ಚಿನದು ಇಳಿಸಿದರು, ಗೋಡೆಗೆ ಇಟ್ಟರು. ತುಟಿ ಮುಂದೆ ಬಂತು. ಸದ್ದು ಬರಲಿಲ್ಲ. ಆದರೆ ತುಟಿ ಮುಂದೆ ಬಂತು.

ಕೈ ಮೇಲೆ ಹೋದಾಗ ರಾಗ ಮೇಲೆ. ಕೆಳಗೆ ಬಂದಾಗ ಕೆಳಗೆ. ಉದ್ದ ಎಳೆದರೆ ಉದ್ದ. ನಿಲ್ಲುವ ಜಾಗ ಅಂದರೆ ಬ್ರಷ್ ಅದ್ದುವ ಜಾಗ! ಅದ್ದಿ, ಸವರಿ, ಮತ್ತೆ ಗೋಡೆಗೆ ಬರುವಷ್ಟು ಹೊತ್ತು. ಇಷ್ಟೇ. ಇದನ್ನು ನಾನು ತಾಳದಲ್ಲಿ ಹುಡುಕಿದೆ, ಗಡಿಯಾರದಲ್ಲಿ ಹುಡುಕಿದೆ.

ಇವರ ಕೈ ನೋಡುತ್ತಾ ನುಡಿಸಿದೆ. ನೀಲಿ, ನೀಲಿ, ಖಾಕಿ, ಹಳದಿ. ಅದ್ದುವಾಗ ನಿಂತೆ. ಮತ್ತೆ ಕಪ್ಪು, ಖಾಕಿ. ಫೋನು ಕೆಂಪು ಕೆಂಪು ತೋರಿಸುತ್ತಿತ್ತು, ಬೋರಲು ಹಾಕಿದೆ.

ಇವರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಈ ಸಲ ಮೇಲೆ ಕೆಳಗೆ.

ಗೋಡೆಯ ಮೇಲೆ ಒದ್ದೆ ಗುರುತು ಇಷ್ಟಗಲ ಆಗಿತ್ತು. ನಳಿಕೆಗೆ ಊಟ ಹಾಕುವ ಸಿರಿಂಜು ತೊಳೆದು ಬರುವಷ್ಟರಲ್ಲಿ ಒಣಗಿಹೋಯಿತು.

ಮಾರ್ಚ್ 19

ದಿನಾ ಸ್ವಲ್ಪ. ಕೈ ಎತ್ತಲು ಕಷ್ಟ, ಆದರೂ ಬ್ರಷ್ ಕೇಳುತ್ತಾರೆ. ಅರ್ಧ ಗೋಡೆಯವರೆಗಿನ ರಾಗ ನನ್ನ ಕೈಗೆ ಬಂದಿದೆ. ಆಮೇಲಿಂದು ಬೇರೆ ಥರ ತಿರುಗುತ್ತೆ, ಕಿಟಕಿಯ ಹತ್ತಿರ, ಅದು ನಾಳೆ ಅಂತ ಬರೆದರು.

ಮಗಳು ಬಂದಿದ್ದಳು. ಅವಳಿಗೆ ಚಹಾ ಕಾಯಿಸುವಾಗ, "ಅಮ್ಮ, ನೀನೇನು ಸಿಳ್ಳೆ ಹಾಕ್ತಿದ್ದೀಯಾ?" ಅಂದಳು. ನನ್ನ ತುಟಿಗೆ ಎಲ್ಲಿಯ ಸಿಳ್ಳೆ. ಪಾತ್ರೆಯ ಆವಿ ಇರಬೇಕು ಅಂದೆ.

ಮಾರ್ಚ್ 22

ಬ್ರಷ್ ಕೇಳಲಿಲ್ಲ.

ಮಾರ್ಚ್ 25

ಬೆಳಗ್ಗೆ ತೂತಿನ ಬಟ್ಟೆ ಬದಲಾಯಿಸಲು ಹೋದೆ. ಬಟ್ಟೆ ಅಲುಗುತ್ತಿರಲಿಲ್ಲ.

ಏಪ್ರಿಲ್ 10

ಬರೆಯಲು ಏನೂ ಇಲ್ಲ. ಯಾರು ಏನು ನುಂಗಿದರು ಅಂತ ಬರೆಯಲಿ.

ಹೊಲಿದಿಟ್ಟ ಬಿಳಿ ಬಟ್ಟೆಗಳು ಒಂದು ಕಟ್ಟು ಉಳಿದಿದ್ದವು. ಆಸ್ಪತ್ರೆಗೆ ಕೊಟ್ಟು ಬಂದೆ. ನರ್ಸಮ್ಮ ಅಂಚು ಮುಟ್ಟಿ ನೋಡಿ ಏನೋ ಹೇಳಲು ಬಂದಳು. ನಾನು ಅಷ್ಟರಲ್ಲಿ ಮೆಟ್ಟಿಲು ಇಳಿದಿದ್ದೆ.

ಏಪ್ರಿಲ್ 21

ಅರ್ಧ ರಾಗ ನುಡಿಸಿದೆ. ಕಿಟಕಿಯ ಹತ್ತಿರ ರಾಗ ತಿರುಗುವ ಕಡೆ ಬಂದು ನಿಂತೆ.

"ಉಳಿದದ್ದನ್ನು ನಾನು ಪೂರ್ತಿ ಮಾಡಲೇ?" ಅಂದರು ಮೇಷ್ಟ್ರು.

ಬೇಡ ಮೇಷ್ಟ್ರೇ ಅಂದೆ. ನನಗೆ ಸಿಟ್ಟು ಬರಲಿಲ್ಲ. ಕೇಳುವುದು ಅವರ ಕೆಲಸ.

"ನಿಮಗೆ ಬೇಕಾದಾಗ ಇಲ್ಲಿಂದಲೇ ಶುರು ಮಾಡೋಣ" ಅಂದರು.

ಕೊನೆ ಯಾರಿಗೆ ಗೊತ್ತು? ತಲೆಗೆ ಬಂದದ್ದು ಒಬ್ಬನೇ. ಏಣಿ. ಇವರ ಜೊತೆ ಕೆಲಸ ಮಾಡಿದವನು, ಮೊಳದುದ್ದದ ಗಿಡ್ಡ ಮನುಷ್ಯ, ಆದರೂ ಏಣಿ ಹಿಡಿದು ನಿಲ್ಲುವುದೇ ಕೆಲಸವಾಗಿದ್ದರಿಂದ ಆ ಹೆಸರು. ಇವರ ಸಿಳ್ಳೆಯನ್ನು ನನಗಿಂತ ಹೆಚ್ಚು ಕೇಳಿದವನು. ಹೇಳಿ ಕಳಿಸಿದೆ.

ಏಪ್ರಿಲ್ 24

ಏಣಿ ಬಂದ. ಕಣ್ಣು ಒರೆಸಿಕೊಳ್ಳುತ್ತಾ ಬಂದ, ಅಳುವುದಾದರೆ ಹೊರಗೆ ಅತ್ತು ಬಾ ಅಂದೆ. ಕೂತ. ನಾನು ಅರ್ಧದವರೆಗೆ ನುಡಿಸಿದೆ.

"ಅಯ್ಯೋ ಅತ್ತಿಗೆ! ಅಣ್ಣ ಬಂದು ನಿಂತ ಹಾಗಾಯ್ತು."

"ಅದು ಬಿಡು. ಆಮೇಲೆ ಹೇಗೆ? ಕೊನೆ?"

ಅವನು ತಲೆ ಕೆರೆದುಕೊಂಡ. "ಕೊನೆ ಅಂದ್ರೆ?"

"ಕೊನೆ ಅಂದ್ರೆ ಕೊನೆ. ಎಲ್ಲಿ ಮುಗೀತಿತ್ತು?"

"ಗೋಡೆ ಮುಗಿದ ಕಡೆ ಮುಗೀತಿತ್ತು ಅತ್ತಿಗೆ."

ನನಗೆ ಅರ್ಥವಾಗಲಿಲ್ಲ. ಅವನು ಕೈಯಾಡಿಸಿ ಹೇಳಿದ. ಸಣ್ಣ ಕೋಣೆಯಾದರೆ ಸಣ್ಣದು. ದೊಡ್ಡ ಗೋಡೆಯಾದರೆ ಎಳೆದೂ ಎಳೆದೂ. ಕಿಟಕಿ ಬಂದರೆ ಸುತ್ತ ತಿರುಗಿಸಿ ಸಣ್ಣ ಬ್ರಷ್ ಹಿಡಿದು ತುಣುಕು ತುಣುಕು. ಚಾವಣಿಯಾದರೆ ಕತ್ತು ನೋವು, ಸಿಳ್ಳೆಯೇ ಇಲ್ಲ. "ಒಂದು ದಿನ ಹಾಕಿದ್ದು ಇನ್ನೊಂದು ದಿನ ಹಾಕಿದ್ದಿಲ್ಲ ಅತ್ತಿಗೆ. ಶುರು ಮಾತ್ರ ಒಂದೇ."

"ಸುಳ್ಳು. ಮನೆಯಲ್ಲಿ ಯಾವಾಗಲೂ ಒಂದೇ ಇತ್ತು."

"ಮನೆಯಲ್ಲಿ ಶುರು ಮಾಡ್ತಿದ್ದ ಹಾಗೇ ನೀವು ಬೈತಿದ್ರಲ್ಲ" ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಚಹಾ ಕುಡಿದು ಹೋದ.

ಏಪ್ರಿಲ್ 25

ಇಲ್ಲದ ಅಂಗಿಗೆ ಅಳತೆ ಹುಡುಕುತ್ತಿದ್ದೆ.

ಮೇ 6

ಏಣಿಯನ್ನು ಮತ್ತೆ ಕರೆಸಿದೆ. ಒಳಗಿನ ಗೋಡೆಗೆ ಬಣ್ಣ ಬಳಿ ಅಂದೆ. ಅವನು ಚಕ್ಕೆ ಕೆರೆದು, ಪುಟ್ಟಿ ತುಂಬಿ, ತೀಡಿ, ಒಣಗಿಸಿ ಇವತ್ತು ಬಣ್ಣಕ್ಕೆ ಬಂದ. ಯಾವ ಬಣ್ಣ ಅಂದ. ಅಂಗಡಿ ಬಾಗಿಲಿನದ್ದೇ ಉಳಿದದ್ದು ಡಬ್ಬದಲ್ಲಿದೆ, ಸಾಲದಿದ್ದರೆ ಅದಕ್ಕೆ ಹೊಂದುವಂಥದ್ದು ತಾ ಅಂದೆ.

ನಾನು ಕೀಬೋರ್ಡು ಹಿಡಿದು ಕೂತೆ. ಅವನ ಕೈ ನೋಡಿ ನುಡಿಸಿದೆ. ಏನೂ ಹೊಂದಲಿಲ್ಲ. ಅವನದು ಅವಸರದ ಕೈ, ಬ್ರಷ್ ಅದ್ದಿದರೆ ಡಬ್ಬಕ್ಕೆ ಒಂದೇ ಸಲ ಸವರುತ್ತಾನೆ.

"ನಿಧಾನ!" ಅಂದೆ.

"ಅತ್ತಿಗೆ, ನನ್ನ ಕೈ ನನ್ನದೇ ಅಲ್ವಾ."

ಅವನ ಕೈಗೇ ನುಡಿಸಿದೆ. ಇವರ ರಾಗ ಅಲ್ಲ. ಶುರು ಇವರದು, ಆಮೇಲೆ ಯಾರದೋ. ಕಿಟಕಿಯ ಸುತ್ತ ತುಣುಕು ತುಣುಕು ಬಂತು. ಆಚೆ ಮೂಲೆಯಲ್ಲಿ ಗೋಡೆ ಮುಗಿಯಿತು. ನಾನೂ ನಿಲ್ಲಿಸಿದೆ.

ಫೋನು ಎಲ್ಲ ಹಿಡಿದುಕೊಂಡಿತ್ತು. ಬ್ರಷ್ಷಿನ ಕರಕರ, ಏಣಿಯ ಕೆಮ್ಮು, ನಾನು ಕೂಗಿದ್ದು. ಚೌಕ ಬಂತು. ಎದ್ದು ಹೋಗಿ ಮಷೀನಿನ ಮೇಲಿನ ಕನ್ನಡಕ ತಂದೆ. "ಹಿನ್ನೆಲೆಯ ಗದ್ದಲ ತೆಗೆಯಲೇ?" ಅಂತ ಇತ್ತು. ಎರಡು ಸಲ ಓದಿದೆ. ಬೇಡ ಒತ್ತಿದೆ.

ಜೂನ್ 3

ಶಾಲೆ ಶುರುವಾಗುವ ಸಮಯ, ಸಮವಸ್ತ್ರದ ರಾಶಿ ಬಿದ್ದಿದೆ. ಕೀಬೋರ್ಡು ಮುಟ್ಟಿ ಎಷ್ಟೋ ದಿನವಾಯಿತು. ಅದರ ಮೇಲೆ ನೀಲಿ ಬಟ್ಟೆ ಪೇರಿಸಿದ್ದೇನೆ.

ವಕೀಲರು ಅಂಗಿ ತೆಗೆದುಕೊಂಡು ಹೋಗಲು ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ಒಳಗೆ ಇಣುಕಿ, "ಒಳಗೆ ಸಿಳ್ಳೆ ಹಾಕ್ತಿರೋರು ಯಾರಮ್ಮ?" ಅಂದರು.

"ಯಾರೂ ಇಲ್ಲ."

"ಅರೆ, ಈಗ ತಾನೇ ಕೇಳಿಸ್ತು. ಮಷೀನು ನಿಂತಾಗ ನಿಲ್ಲುತ್ತೆ, ಶುರುವಾದಾಗ ಶುರುವಾಗುತ್ತೆ."

ಬೀದಿಯಲ್ಲಿ ಹೋಗುವವರು ಯಾರೋ ಇರಬೇಕು, ಇಲ್ಲದಿದ್ದರೆ ನಿಮ್ಮ ಕಿವಿ ಯಾರಿಗಾದರೂ ತೋರಿಸಿಕೊಳ್ಳಿ ಅಂದೆ. ಇನ್ನೂ ಒಂದು ತೋಳು ಬಾಕಿ ಇತ್ತು, ಕೂತಿರಿ ಅಂತ ಹೇಳಿ ಹೊಲಿಗೆಗೆ ಬಗ್ಗಿದೆ.